ವಿಆರ್ ಕಂಟ್ರೋಲರ್ ಹಿಡಿದು ರೋಬೋಟ್ ಕೈ ನಡೆಸಿದ್ದು: ನನ್ನ ಅನುಭವ

ಎಸ್‌ಒ-101 ಅಂದರೆ ಮೇಜಿನ ಮೇಲೆ ಕೂರುವ ಪುಟ್ಟ ರೋಬೋಟ್ ಕೈ. ಅದರ ವಿನ್ಯಾಸ ಎಲ್ಲರಿಗೂ ಮುಕ್ತ. ಭಾಗಗಳನ್ನು 3ಡಿ ಪ್ರಿಂಟರಿನಲ್ಲಿ ಮಾಡಿಕೊಳ್ಳಬಹುದು. ಒಳಗೆ ಫೀಟೆಕ್ ಕಂಪನಿಯ ಆರು ಸರ್ವೋ ಮೋಟಾರುಗಳಿವೆ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರುಗಳು): ಐದು ಕೀಲುಗಳಿಗೆ, ಒಂದು ತುದಿಯ ಇಕ್ಕಳಕ್ಕೆ. ಸಾಮಾನ್ಯವಾಗಿ ಇದರ ಜೊತೆ ಇಂಥದ್ದೇ ಇನ್ನೊಂದು ಕೈ ಇರುತ್ತದೆ. ಅದನ್ನು ನಾವು ಹಿಡಿದು ಅಲ್ಲಾಡಿಸಿದ ಹಾಗೆಲ್ಲ ಇದು ಅಲ್ಲಾಡುತ್ತದೆ. ನಾನು ಆ ಎರಡನೇ ಕೈ ಬಿಟ್ಟು, ಕ್ವೆಸ್ಟ್ 3 ಎಂಬ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ಟಿನ ಜೊತೆ ಬರುವ, ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಹಿಡಿದೆ. ನಾಳೆ ಬೇರೆ ಅಳತೆಯ ರೋಬೋಟ್ ಬಂದರೂ ಅದೇ ಕಂಟ್ರೋಲರ್ ಸಾಕು, ಅಲ್ವಾ?

ಹೆಡ್‌ಸೆಟ್ಟನ್ನು ತಲೆಗೆ ಹಾಕಿಕೊಳ್ಳಲೇಬೇಕು ಅಂತಿಲ್ಲ. ಕಂಟ್ರೋಲರಿನಲ್ಲಿ ಇನ್‌ಫ್ರಾರೆಡ್ ಎಲ್‌ಇಡಿಗಳಿವೆ. ಹೆಡ್‌ಸೆಟ್‌ನ ಕ್ಯಾಮೆರಾಗಳು ಅವನ್ನು ನೋಡಿ, ನಮ್ಮ ಕೈ ಎಲ್ಲಿದೆ, ಯಾವ ಕಡೆ ತಿರುಗಿದೆ ಎಂದು ಲೆಕ್ಕ ಹಾಕುತ್ತವೆ. ಹಾಗಾಗಿ ಹೆಡ್‌ಸೆಟ್ಟನ್ನು ಸ್ಟ್ಯಾಂಡಿನ ಮೇಲಿಟ್ಟು ನನ್ನ ಕಡೆ ತಿರುಗಿಸಿದೆ. ತಲೆಯಿಂದ ತೆಗೆದರೆ ಅದು ನಿದ್ದೆ ಹೋಗುತ್ತದೆ. ಅದಕ್ಕೆ ಲೆನ್ಸುಗಳ ನಡುವಿನ ಸೆನ್ಸರಿಗೆ ಒಂದು ತುಂಡು ಟೇಪು ಅಂಟಿಸಿದರಾಯಿತು. ಇದರಿಂದ ರೋಬೋಟನ್ನು ನನ್ನ ಕಣ್ಣಿಂದಲೇ ನೋಡಬಹುದು. ರೋಬೋಟುಗಳಿಗೆ ಕೆಲಸ ಕಲಿಸಲೆಂದು 2024ರಲ್ಲಿ ಹೊರಬಂದ ಡ್ರಾಯ್ಡ್ ಎಂಬ ದೊಡ್ಡ ದತ್ತಾಂಶ ಸಂಗ್ರಹವನ್ನೂ ಕಂಟ್ರೋಲರ್ ಹಿಡಿದೇ ಮಾಡಿದ್ದು. ಹಲವು ಸಂಸ್ಥೆಗಳವರು ಸೇರಿ, ಕ್ವೆಸ್ಟ್ 2ರಿಂದ ಫ್ರಾಂಕಾ ರೋಬೋಟ್ ಕೈಗಳನ್ನು ನಡೆಸಿ, ಸುಮಾರು 350 ಗಂಟೆಗಳ ಕೆಲಸವನ್ನು ದಾಖಲಿಸಿದ್ದಾರೆ.

ಮೊದಲು ದಿಕ್ಕು ಹೊಂದಿಸಬೇಕು. ವಿಆರ್ ಸಾಧನಗಳು ಪಾಲಿಸುವ ಓಪನ್‌ಎಕ್ಸ್‌ಆರ್ ಎಂಬ ಮಾನದಂಡದಲ್ಲಿ ಮೇಲಕ್ಕೆ ಹೋಗುವುದು ವೈ, ಮುಂದಕ್ಕೆ ಹೋಗುವುದು ಮೈನಸ್ ಝೆಡ್. ರೋಬೋಟುಗಳಿಗೆ ಬಳಸುವ ಆರ್‌ಒಎಸ್ ಎಂಬ ತಂತ್ರಾಂಶದಲ್ಲಿ ಮೇಲಕ್ಕೆ ಝೆಡ್, ಮುಂದಕ್ಕೆ ಎಕ್ಸ್. ಇದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮೇಲೆ-ಕೆಳಗೆ, ಎಡ-ಬಲ, ಹಿಂದೆ-ಮುಂದೆ ಒಂದೊಂದಾಗಿ ಪರೀಕ್ಷೆ ಮಾಡಿದ ಮೇಲಷ್ಟೇ ಮೋಟಾರಿಗೆ ಕರೆಂಟು ಕೊಡಿ.

ಇಡೀ ವ್ಯವಸ್ಥೆಯ ಜೀವ ಇರುವುದು ಕಂಟ್ರೋಲರಿನ ಗ್ರಿಪ್ ಬಟನ್‌ನಲ್ಲಿ. ಅದನ್ನು ಒತ್ತಿದಾಗ ಮಾತ್ರ ರೋಬೋಟ್ ಚಲಿಸಬೇಕು. ಒತ್ತಿದ ಆ ಕ್ಷಣದಲ್ಲಿ ನನ್ನ ಕೈ ಎಲ್ಲಿತ್ತು, ರೋಬೋಟಿನ ತುದಿ ಎಲ್ಲಿತ್ತು ಎರಡನ್ನೂ ನೆನಪಿಟ್ಟುಕೊಂಡು, ಅಲ್ಲಿಂದ ಕೈ ಎಷ್ಟು ಸರಿಯಿತೋ ಅಷ್ಟನ್ನೇ ರೋಬೋಟಿಗೆ ಕಳಿಸುತ್ತೇನೆ. ಜಾಗ ಸಾಲದಿದ್ದರೆ ಮೌಸನ್ನು ಎತ್ತಿ ಹಿಂದಕ್ಕಿಟ್ಟ ಹಾಗೆ, ಬಟನ್ ಬಿಟ್ಟು ಕೈ ಆರಾಮಾದ ಜಾಗಕ್ಕೆ ತಂದು ಮತ್ತೆ ಒತ್ತಬಹುದು. ನಾಜೂಕಿನ ಕೆಲಸಕ್ಕೆ ಈ ಅಳತೆಯನ್ನು ಅರ್ಧಕ್ಕಿಳಿಸುತ್ತೇನೆ. ಆಗ ನನ್ನ ಕೈ ನಾಲ್ಕು ಸೆಂಟಿಮೀಟರ್ ಹೋದರೆ ರೋಬೋಟ್ ಎರಡೇ ಹೋಗುತ್ತದೆ. ಸೂಜಿಯಂಥದ್ದನ್ನು ಎತ್ತುವಾಗ ಇದರ ಬೆಲೆ ಗೊತ್ತಾಗುತ್ತದೆ.

ಐದೇ ಕೀಲು ಇರುವುದರಿಂದ ಇನ್ನೊಂದು ತೊಡಕಿದೆ. ಯಾವ ಜಾಗಕ್ಕಾದರೂ ಯಾವ ಕೋನದಲ್ಲಾದರೂ ಹೋಗಬೇಕಾದರೆ ಕನಿಷ್ಠ ಆರು ಕೀಲು ಬೇಕು. ಇಲ್ಲಿ ಇಕ್ಕಳವನ್ನು ಎಡಕ್ಕೋ ಬಲಕ್ಕೋ ಮುಖ ಮಾಡಿಸಬೇಕೆಂದರೆ ಬುಡವೇ ತಿರುಗಬೇಕು. ಆದ್ದರಿಂದ ಕೀಲುಗಳ ಕೋನ ಲೆಕ್ಕ ಹಾಕುವಾಗ ಜಾಗಕ್ಕೆ ಜಾಸ್ತಿ ತೂಕ ಕೊಟ್ಟು, ತಿರುವಿಗೆ ಕಡಿಮೆ ಕೊಟ್ಟೆ. ರೋಬೋಟ್ ಕೈ ಪೂರ್ತಿ ಚಾಚಿದಾಗ ಸಣ್ಣ ಚಲನೆಗೂ ಕೀಲುಗಳು ಹುಚ್ಚು ವೇಗದಲ್ಲಿ ತಿರುಗಲು ನೋಡುತ್ತವೆ. ಡ್ಯಾಂಪ್ಡ್ ಲೀಸ್ಟ್ ಸ್ಕ್ವೇರ್ಸ್ ಎಂಬ ಲೆಕ್ಕದ ವಿಧಾನ, ಸ್ವಲ್ಪ ನಿಖರತೆ ಬಿಟ್ಟುಕೊಟ್ಟು, ಅದಕ್ಕೆ ಕಡಿವಾಣ ಹಾಕುತ್ತದೆ. ಅದರ ಮೇಲೆ ಪ್ರತಿ ಕೀಲಿಗೂ ವೇಗದ ಮಿತಿ ಇಟ್ಟಿದ್ದೇನೆ.

ನಿಖರತೆಗಿಂತ ತಡವಿಲ್ಲದಿರುವುದೇ ಮುಖ್ಯ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತುದಿ ಅರ್ಧ ಸೆಂಟಿಮೀಟರ್ ಆಚೀಚೆ ಹೋದರೆ ಕಣ್ಣು ನೋಡಿ, ಕೈ ತಾನಾಗಿ ಸರಿ ಮಾಡಿಕೊಳ್ಳುತ್ತದೆ. ತಡವಾದರೆ ಕೈ ಮತ್ತೆ ಮತ್ತೆ ಮುಂದೆ ದಾಟಿಹೋಗುತ್ತದೆ. ಅದಕ್ಕೇ ವೈಫೈ ಮೇಲೆ ಯುಡಿಪಿ ಬಳಸಿದೆ. ಕಳೆದುಹೋದ ಸಂದೇಶವನ್ನು ಮತ್ತೆ ಕಳಿಸುತ್ತಾ ಕಾಯದ ವಿಧಾನ ಅದು. ಹಳೆಯ ಸಂದೇಶಗಳನ್ನು ಬಿಸಾಕಿ ಕೊನೆಯದನ್ನು ಮಾತ್ರ ಓದುತ್ತೇನೆ. ಕೈ ನಡುಕಕ್ಕೆ ಒನ್ ಯೂರೋ ಫಿಲ್ಟರ್ ಇದೆ. ಕೈ ನಿಧಾನವಿದ್ದಾಗ ಅದು ಜಾಸ್ತಿ ನಯ ಮಾಡುತ್ತದೆ, ವೇಗವಾದಾಗ ಪಕ್ಕಕ್ಕೆ ಸರಿಯುತ್ತದೆ.

ಸಂದೇಶ ನಿಂತರೆ ಏನು ಮಾಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ. ಮೋಟಾರಿನ ಬಿಗಿ ಬಿಟ್ಟರೆ ಕೈ ಧೊಪ್ಪನೆ ಬೀಳುತ್ತದೆ. ಅದಕ್ಕೆ ಸಂಪರ್ಕ ತಪ್ಪಿದ ಕೂಡಲೇ ಇದ್ದಲ್ಲೇ ಬಿಗಿಯಾಗಿ ನಿಲ್ಲುವ ಹಾಗೆ ಬರೆದೆ. ಕಂಟ್ರೋಲರ್ ಕ್ಯಾಮೆರಾಗಳಿಗೆ ಮರೆಯಾಗಿ ಮತ್ತೆ ಕಂಡಾಗ ಅದರ ಜಾಗ ಒಮ್ಮೆಲೇ ಜಿಗಿಯಬಹುದು. ಅಂಥ ಜಿಗಿತ ಬಂದರೆ ಗ್ರಿಪ್ ಬಟನ್ ಬಿಟ್ಟ ಹಾಗೆಯೇ ರೋಬೋಟ್ ನಿಲ್ಲುತ್ತದೆ, ಬಟನ್ ಮತ್ತೆ ಒತ್ತಬೇಕು.

ಇಷ್ಟಾದರೂ ಸ್ಪರ್ಶ ಇರಲಿಲ್ಲ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ರೇಮಂಡ್ ಗೋರ್ಟ್ಜ್ ವಿಕಿರಣದ ವಸ್ತುಗಳನ್ನು ದೂರದಿಂದ ಮುಟ್ಟಲು ಕೈಗಳನ್ನು ಕಟ್ಟಿದರು. ಅಲ್ಲಿ ಎರಡು ಕೈಗಳ ನಡುವೆ ಯಾಂತ್ರಿಕ ಜೋಡಣೆಯೇ ಇತ್ತು. ಆಚೆ ತಗುಲಿದ್ದು ಈಚೆ ಕೈಗೆ ಗೊತ್ತಾಗುತ್ತಿತ್ತು. ನನ್ನಲ್ಲಿ ಅಂಥದ್ದಿಲ್ಲ. ಆದರೆ ಫೀಟೆಕ್ ಮೋಟಾರು ತನ್ನ ಮೇಲೆ ಬಿದ್ದ ಭಾರವನ್ನು ಹೇಳುತ್ತದೆ. ಇಕ್ಕಳದ ಮೋಟಾರಿನ ಆ ಅಂಕಿ ಏರಿದಷ್ಟೂ ಕಂಟ್ರೋಲರ್ ಜೋರಾಗಿ ಕಂಪಿಸುವ ಹಾಗೆ ಮಾಡಿದೆ. ಅಲ್ಲಿಂದ ಮುಂದೆ ಟೊಮೆಟೊ ಹಿಸುಕದೆ ಎತ್ತುವುದು ಸಾಧ್ಯವಾಯಿತು. ಈಗ ಭುಜದ ಮತ್ತು ಮೊಣಕೈಯ ಮೋಟಾರುಗಳ ಭಾರವನ್ನೂ ಇದಕ್ಕೆ ಸೇರಿಸುತ್ತಿದ್ದೇನೆ. ಅಲ್ಲಿ ಕೈಯ ಸ್ವಂತ ತೂಕವೂ ಆ ಅಂಕಿಯಲ್ಲಿ ಸೇರಿರುವುದರಿಂದ, ಅದನ್ನು ಲೆಕ್ಕದಿಂದ ಕಳೆಯುವ ಕೆಲಸ ನಡೆಯುತ್ತಿದೆ.