ಖಣ ಒಂದು ಕಡೆ, ಗೊಂಡೆ ಒಂದು ಕಡೆ

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಚಂದದ ಸಾಮಾನು ಸಿಗೋದಿಲ್ಲ ಅಂತ ನನ್ನ ಆಫೀಸಿನ ಹುಡುಗಿಯರು ಗೊಣಗುತ್ತಿರುತ್ತಾರೆ. ಮೊಬೈಲಿನಲ್ಲಿ ಖಣದ ಪರ್ಸ್ ತೋರಿಸಿ, ‘ನೋಡ್ರಿ ಮೇಡಂ, ಎಷ್ಟ ಮಸ್ತ್ ಐತಿ, ಬೆಂಗಳೂರಿಂದ ತರಿಸೇನಿ’ ಅನ್ನುತ್ತಾರೆ. ಆ ಖಣ, ಅಂದರೆ ಜಂಪರ್ (ರವಿಕೆ) ಅರಿವಿ, ನೇಯುವ ಗುಳೇದಗುಡ್ಡ ಇರೋದು ಬಾಗಲಕೋಟೆ ಜಿಲ್ಲೆಯಲ್ಲಿ. ನಮ್ಮ ಪಕ್ಕದ ಅರಿವಿ ಬೆಂಗಳೂರಿಗೆ ಹೋಗಿ, ಅಲ್ಲಿ ಜಿಪ್ ಹಚ್ಚಿಸಿಕೊಂಡು, ಮೂರು ಪಟ್ಟು ರೇಟಿಗೆ ನಮ್ಮ ಬಾಗಿಲಿಗೇ ವಾಪಸ್ ಬರುತ್ತದೆ. ತಮಾಷೆ ಅಲ್ವಾ?

ನಾನು ಕಂಡುಕೊಂಡದ್ದು ಇಷ್ಟು. ನಮ್ಮ ಕಡೆ ಎಲ್ಲಾ ಸಿಗುತ್ತದೆ, ಆದರೆ ಬಿಡಿಬಿಡಿಯಾಗಿ. ಅರಿವಿ ಒಂದು ಅಂಗಡಿ, ಹೊಲಿಯುವವರು ಇನ್ನೊಂದು ಗಲ್ಲಿ, ಗೊಂಡೆ ಮತ್ತೊಂದು ಕಡೆ, ಕಸೂತಿ ಧಾರವಾಡದ ಯಾರದೋ ಮನೆಯ ಪಡಸಾಲೆಯಲ್ಲಿ. ಕೂಡಿಸಿಕೊಳ್ಳೋದು ನಮ್ಮ ಕೆಲಸ. ನನ್ನ ಕೆಲಸ ಹುಬ್ಬಳ್ಳಿಯಲ್ಲಿ, ಮನೆ ಧಾರವಾಡದಲ್ಲಿ. ದಿನಾ ಚಿಗರಿ ಬಸ್ಸಿನ ಓಡಾಟ. ಹಾಗಾಗಿ ಈ ಕೂಡಿಸೋ ಕೆಲಸಕ್ಕೆ ಬೇರೆ ಪ್ರಯಾಣ ಅಂತ ಬೇಕಾಗಲಿಲ್ಲ. ಬ್ಯಾಗಿನಲ್ಲಿ ಒಂದು ಅಳತೆ ಟೇಪು, ಒಂದು ಬಿಳಿ ಕರ್ಚೀಫು ಇಟ್ಟುಕೊಂಡರೆ ಸಾಕು. ಕರ್ಚೀಫು ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಖಣ. ಹುಬ್ಬಳ್ಳಿಯ ದುರ್ಗದ ಬೈಲಿನ ಸುತ್ತಮುತ್ತಲಿನ ಗಲ್ಲಿಗಳಲ್ಲಿ ಜಂಪರ್ ಅರಿವಿ ಮಾರುವ ಅಂಗಡಿಗಳಿವೆ. ಉಡಿ ತುಂಬುವುದಕ್ಕೆ ಅಂತ ಕೇಳಿದರೆ ಒಂದು ತರಹದ ಖಣ ತೋರಿಸುತ್ತಾರೆ, ತೊಡುವುದಕ್ಕೆ ಅಂದರೆ ಬೇರೆ. ಉಡಿ ಖಣ ಅಗ್ಗ, ನೋಡೋಕೆ ಮಿಂಚುತ್ತದೆ, ಆದರೆ ನೂಲು ಬಹುತೇಕ ಪಾಲಿಯೆಸ್ಟರ್. ಬ್ಯಾಗಿಗೆ ಅದೇ ಒಳ್ಳೆಯದು, ಕೊಳೆ ಕೂಡುವುದು ಕಮ್ಮಿ, ತೊಳೆದರೆ ಬೇಗ ಒಣಗುತ್ತದೆ. ದಿಂಬಿನ ಕವರಿಗೆ ಮಾತ್ರ ನನಗೆ ಹತ್ತಿ ಬೇಕು, ಇಲ್ಲದಿದ್ದರೆ ಬೇಸಿಗೆಯಲ್ಲಿ ಕೆನ್ನೆಗೆ ಅಂಟುತ್ತದೆ. ಯಾವುದು ಏನು ಅಂತ ತಿಳಿಯಲು ಅಂಚಿನಿಂದ ಎರಡು ಎಳೆ ಕಿತ್ತು ಬೆಂಕಿಕಡ್ಡಿ ಹಿಡಿಯುತ್ತೇನೆ. ಹತ್ತಿಯಾದರೆ ಕಾಗದದ ವಾಸನೆ, ಮೆತ್ತಗಿನ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಗಡಿಯೊಳಗೆ ಇದನ್ನು ಮಾಡಬೇಡಿ! ಮೊದಲು ಒಂದೇ ಖಣ ಕೊಂಡು ಮನೆಯಲ್ಲಿ ನೋಡಿ, ಆಮೇಲೆ ಬೇಕಾದಷ್ಟು ತನ್ನಿ.

ಖಣದ ಹಿಂಬದಿಯನ್ನೂ ತಿರುಗಿಸಿ ನೋಡಬೇಕು. ಮುಂದೆ ಕಾಣುವ ತೇರು, ಆನೆ ಹೆಜ್ಜೆ ಇವೆಲ್ಲ ಬರುವುದು ಹಾಸಿನಲ್ಲಿ, ಅಂದರೆ ಉದ್ದದ ಎಳೆಗಳಲ್ಲಿ, ಸೇರಿಸಿದ ಹೆಚ್ಚಿನ ಎಳೆಗಳಿಂದ. ಅದಕ್ಕೇ ಚಿತ್ರ ಉದ್ದಕ್ಕೆ ಸಾಲಾಗಿ ಓಡುತ್ತದೆ. ಚಿತ್ರಕ್ಕೆ ಬೇಡವಾದ ಕಡೆ ಆ ಎಳೆಗಳು ಹಿಂದೆ ಸಡಿಲವಾಗಿ ಬಿದ್ದಿರುತ್ತವೆ. ಕೀಲಿಕೈ, ಬಳೆ, ಹೇರ್‌ಪಿನ್ನು ಏನು ಸಿಕ್ಕಿದರೂ ಎಳೆ ಕಿತ್ತು ಬರುತ್ತದೆ. ಆದ್ದರಿಂದ ಖಣದ ಚೀಲಕ್ಕೆ ಅಸ್ತರ್ ಹಾಕಿಸಲೇಬೇಕು. ಅಸ್ತರ್ ಇಲ್ಲದ ಖಣದ ಬ್ಯಾಗು ಎಷ್ಟೇ ಚಂದ ಇದ್ದರೂ ನಾನು ಕೊಳ್ಳುವುದಿಲ್ಲ.

ಹೊಲಿಸುವುದೇ ದೊಡ್ಡ ತಲೆನೋವು. ಜಂಪರ್ ಚೆನ್ನಾಗಿ ಹೊಲಿಯುವ ಒಬ್ಬ ಟೇಲರಿಗೆ ದಿಂಬಿನ ಕವರು ಕೊಟ್ಟಿದ್ದೆ. ದಡಿಯನ್ನೆಲ್ಲ ಒಳಗೆ ಮಡಚಿ, ನೀಟಾಗಿ ಹೊಲಿದು ಕೊಟ್ಟರು. ಖಣದ ಜೀವ ಇರೋದೇ ದಡಿಯಲ್ಲಿ. ಕೇಳಿದರೆ, ‘ಅಂಚು ಹೊರಗ ಬಿಡಬಾರದರಿ ಅಕ್ಕಾರ, ಅಸಹ್ಯ ಕಾಣತದ’ ಅಂದರು. ಆಮೇಲೆ ಗೊತ್ತಾಯಿತು, ಈ ಕೆಲಸ ಬ್ಯಾಗು ರಿಪೇರಿ ಮಾಡುವವರದು. ಶಾಲೆ ಚೀಲಕ್ಕೆ ಜಿಪ್ ಹಾಕಿಕೊಡುತ್ತಾ ಕೂತಿರುತ್ತಾರಲ್ಲ, ಅವರದು. ಅವರ ಮಷಿನ್ ನಾಲ್ಕು ಪದರ ಅರಿವಿಯನ್ನು ಸಲೀಸಾಗಿ ತೂರುತ್ತದೆ, ಜಿಪ್ಪು ಅವರ ಬಳಿಯೇ ಇರುತ್ತದೆ, ಕೈಯೂ ಹಿಡಿತದ್ದು. ನಾನು ಕಾಗದದಲ್ಲಿ ಚಿತ್ರ ಬರೆದು, ದಡಿ ಎಲ್ಲಿ ಕಾಣಬೇಕೋ ಅಲ್ಲಿ ಗುಂಡುಪಿನ್ ಚುಚ್ಚಿ ಕೊಡುತ್ತೇನೆ. ದಿಂಬಿಗಾದರೆ ಖಣ ಮುಂಭಾಗಕ್ಕೆ ಮಾತ್ರ. ಉದ್ದಕ್ಕೆ ನಡುವೆ ಸೀಳಿದರೆ ಎರಡು ತುಂಡಾಗಿ ಒಂದೊಂದಕ್ಕೂ ಒಂದು ದಡಿ ಬರುತ್ತದೆ. ಹಿಂದಕ್ಕೆ ಸಾದಾ ಖಾದಿ. ಖರ್ಚೂ ಅರ್ಧ, ಕೂತವರ ಬೆನ್ನಿಗೂ ಒರಟಾಗುವುದಿಲ್ಲ.

ಇದೇ ಖಣದಲ್ಲಿ ನಾನು ಮಾಡಿಸಿಕೊಂಡ ವಸ್ತುಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಚಂಚಿ. ನಮ್ಮಜ್ಜಿ ಸೊಂಟಕ್ಕೆ ಸಿಗಿಸಿಕೊಳ್ಳುತ್ತಿದ್ದ ಎಲಿ ಅಡಿಕಿ ಚಂಚಿ. ಎಲೆಗೆ ಒಂದು ಕಿಸೆ, ಅಡಿಕೆಗೆ ಒಂದು, ಸುಣ್ಣದ ಡಬ್ಬಿಗೆ ಒಂದು, ತಂಬಾಕಿಗೆ ಇನ್ನೊಂದು. ಎರಡು ಬದಿಯ ದಾರ ಎಳೆದರೆ ಎಲ್ಲಾ ಕಿಸೆಯ ಬಾಯಿ ಒಟ್ಟಿಗೆ ಮುಚ್ಚಿಕೊಳ್ಳುತ್ತದೆ. ಜಿಪ್ ಬೇಡ, ಗುಂಡಿ ಬೇಡ. ಪ್ರಯಾಣದಲ್ಲಿ ಕಿವಿಯೋಲೆ, ಸರ, ಗುಳಿಗೆ, ಇಯರ್‌ಫೋನು ಬೇರೆ ಬೇರೆ ಇಡುವುದಕ್ಕೆ ಇದಕ್ಕಿಂತ ಜಾಣ ಚೀಲ ನಾನು ಯಾವ ಮಾಲಿನಲ್ಲೂ ನೋಡಿಲ್ಲ. ರಿಪೇರಿಯವರಿಗೆ ಹಳೇ ಚಂಚಿಯನ್ನೇ ಬಿಚ್ಚಿ ತೋರಿಸಿದೆ. ಅವರು ಅದನ್ನು ತಿರುವಿ ಮುರುವಿ ನೋಡಿ, ‘ಇದನ್ನ ಹೊಲಿದವರು ಭಾರಿ ಲೆಕ್ಕದವರು’ ಅಂದರು.

ದಾರ ಮತ್ತು ಗೊಂಡೆಗೆ ಮಾತ್ರ ಪಟವೇಗಾರರ ಹತ್ತಿರ ಹೋದೆ. ತಾಳಿ, ಸರ ಪೋಣಿಸಿಕೊಡುವವರು ಅವರು. ರೇಷ್ಮೆ ದಾರವನ್ನು ಕಾಲ್ಬೆರಳಿಗೆ ಸಿಗಿಸಿಕೊಂಡು, ಹುರಿ ಹೊಸೆದು, ತುದಿಗೆ ಗೊಂಡೆ ಸುತ್ತುವುದನ್ನು ನೋಡುತ್ತಾ ನಿಲ್ಲಬೇಕು. ಬಣ್ಣ ನೀವೇ ಆರಿಸಬಹುದು. ಹಸಿರು ಖಣಕ್ಕೆ ಕುಂಕುಮದ ಬಣ್ಣದ ಗೊಂಡೆ ಹಾಕಿಸಿದೆ, ಚಂಚಿಯ ಅಂದವೇ ಬದಲಾಯಿತು. ಅದೇ ಗೊಂಡೆಯನ್ನು ಪರದೆಗೆ, ಕೀಲಿಕೈಗೆ, ಸೀರೆಯ ಸೆರಗಿಗೆ ಎಲ್ಲಾದಕ್ಕೂ ಹಾಕಿಸಬಹುದು.

ಇನ್ನು ಕಸೂತಿ. ಧಾರವಾಡದಲ್ಲಿ ಕಸೂತಿ ಹಾಕುವ ಹೆಂಗಸರು ಬಹಳ ಜನ ಮನೆಯಲ್ಲೇ ಕೂತು ಮಾಡುತ್ತಾರೆ, ಬೋರ್ಡು ಇರುವುದಿಲ್ಲ. ಒಬ್ಬರಿಂದ ಒಬ್ಬರ ವಿಳಾಸ ಕೇಳಿಕೊಂಡು ಹೋಗಬೇಕು. ನಾನು ಹೋದ ಮನೆಯ ಕಾಕು ನನ್ನ ಕೈಯ ರೇಷ್ಮೆ ದುಪಟ್ಟಾವನ್ನು ಮುಟ್ಟಿ ನೋಡಿ ಪಕ್ಕಕ್ಕಿಟ್ಟರು. ‘ತಂಗೀ, ಮೊದಲ ಎಳಿ ಎಣಿಸಾಕ ಬರೋ ಅರಿವಿ ತೊಗೊಂಡ ಬಾ.’ ಕಸೂತಿಗೆ ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಳ್ಳುವ ಪದ್ಧತಿಯೇ ಇಲ್ಲ. ಅರಿವಿಯ ಎಳೆ ಎಣಿಸಿ ಸೂಜಿ ಹಾಕುವುದು. ನುಣುಪು ರೇಷ್ಮೆಗಾದರೆ ಮೇಲೆ ಜಾಳಿಯಂಥ ಬಟ್ಟೆ ಇಟ್ಟು, ಅದರ ಎಳೆ ಎಣಿಸಿ ಹಾಕಿ, ಆಮೇಲೆ ಅದರ ದಾರಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ದುಡಿಮೆ ಜಾಸ್ತಿ, ಕೂಲಿಯೂ ಜಾಸ್ತಿ.

ಕಾಕು ಹೇಳಿಕೊಟ್ಟ ಒಂದು ಪರೀಕ್ಷೆ ಇದೆ. ಅರಿವಿಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಸುತ್ತ ಗೆರೆ ಎಳೆಯಿರಿ. ಉದ್ದಕ್ಕೆ ಎಷ್ಟು ಎಳೆ, ಅಡ್ಡಕ್ಕೆ ಎಷ್ಟು ಎಳೆ ಅಂತ ಸೂಜಿಯ ತುದಿಯಿಂದ ಎಣಿಸಿ. ಎರಡೂ ಹೆಚ್ಚುಕಮ್ಮಿ ಒಂದೇ ಇದ್ದರೆ ಅರಿವಿ ಸರಿ. ಅಡ್ಡ ಎಳೆ ಒತ್ತಾಗಿದ್ದರೆ ಕಸೂತಿಯ ಗೋಪುರದ ಚಿತ್ರ ಕುಳ್ಳಾಗುತ್ತದೆ, ಜಾಳಾಗಿದ್ದರೆ ಕಂಬದ ಹಾಗೆ ಉದ್ದಕ್ಕೆ ಬೆಳೆಯುತ್ತದೆ. ಇದನ್ನು ಇಟ್ಟುಕೊಂಡು ನಾನು ಅಂಗಡಿಯಲ್ಲಿ ನಾಣ್ಯ ತೆಗೆದು ಎಣಿಸುತ್ತಾ ಕೂತರೆ ಅಂಗಡಿಯವರು ಒಬ್ಬರನ್ನೊಬ್ಬರು ನೋಡುತ್ತಾರೆ. ನೋಡಲಿ ಬಿಡಿ. ಕೊನೆಗೆ ದಪ್ಪ ಎಳೆಯ ಖಾದಿ ಕೊಂಡೆ. ಖಾದಿಗೆ ನಮ್ಮ ಊರಲ್ಲಿ ಬರವಿಲ್ಲ. ರಾಷ್ಟ್ರಧ್ವಜ ತಯಾರಿಸುವ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಿಂದ ಹುಬ್ಬಳ್ಳಿಯ ಬೆಂಗೇರಿಯಲ್ಲೇ ಇದೆ.

ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರ್ಗಿ, ನೇಗಿ, ಮೆಂತೆ. ಗವಂತಿ, ಮುರ್ಗಿ ಎರಡೂ ಹಿಂದೆ ಮುಂದೆ ಒಂದೇ ತರಹ ಕಾಣುತ್ತವೆ. ಸೂಜಿ ಹೋದ ದಾರಿಯಲ್ಲೇ ವಾಪಸ್ ಬಂದು ಬಿಟ್ಟ ಜಾಗ ತುಂಬುತ್ತದೆ. ಗಂಟು ಹಾಕುವುದಿಲ್ಲ, ದಾರದ ತುದಿ ಹೊಲಿಗೆಯೊಳಗೇ ಅಡಗುತ್ತದೆ. ನೇಗಿ ನೇಯ್ಗೆಯಂತೆ ಕಾಣುತ್ತದೆ, ಮೆಂತೆ ಅಡ್ಡಡ್ಡ ಹೊಲಿಗೆ, ತುಂಬು ಕೆಲಸಕ್ಕೆ. ಈ ಎರಡರಲ್ಲಿ ಹಿಂಬದಿ ಬೇರೆ ಕಾಣುವುದು ಸಹಜ. ಅಂಗಡಿಯಲ್ಲಿ ‘ಕೈ ಕಸೂತಿ’ ಅಂತ ತೋರಿಸಿದರೆ ಸುಮ್ನೆ ಒಳಗೆ ತಿರುಗಿಸಿ. ಮುಂದೆ ಕೆಂಪು, ಹಸಿರು, ಹಳದಿ ಇದ್ದು ಹಿಂದೆ ಎಲ್ಲಾ ಕಡೆ ಒಂದೇ ಬಿಳಿ ದಾರ ಇದ್ದರೆ ಅದು ಮಷಿನ್ನು. ಮಷಿನ್ನಿನದೂ ಕೊಳ್ಳಿ, ತಪ್ಪೇನಿಲ್ಲ. ಕೈಕೆಲಸದ ದುಡ್ಡು ಮಾತ್ರ ಕೊಡಬೇಡಿ.

ನನ್ನ ಸಲಹೆ, ಕಸೂತಿಯನ್ನು ಸಣ್ಣದರಿಂದ ಶುರು ಮಾಡಿ. ಮೈತುಂಬಾ ಕಸೂತಿ ಇರುವ ಸೀರೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ದುಡ್ಡೂ ಹಾಗೇ. ನಾನು ಯಜಮಾನರ ಖಾದಿ ಅಂಗಿಯ ಕಿಸೆಯ ಅಂಚಿಗೆ ಒಂದೇ ಸಾಲು ಗವಂತಿ ಹಾಕಿಸಿದೆ, ನನ್ನ ಕುರ್ತಾದ ತೋಳಿನ ತುದಿಗೆ ಎರಡು ಪುಟ್ಟ ಗೋಪುರ. ಕಪ್ಪು ಅರಿವಿಯ ಮೇಲೆ ಬಿಳಿ, ಕೆಂಪು ದಾರ. ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆಯ ನೆನಪಿಗೆ. ಅರಿವಿಯನ್ನು ಹೊಲಿಸುವುದಕ್ಕೆ ಮುಂಚೆಯೇ ಕಸೂತಿಗೆ ಕೊಡಬೇಕು, ಅದಕ್ಕೂ ಮುಂಚೆ ಒಮ್ಮೆ ನೀರಿಗೆ ಹಾಕಿ ಒಣಗಿಸಬೇಕು. ಕಸೂತಿ ಆದಮೇಲೆ ಅರಿವಿ ಕುಗ್ಗಿದರೆ ಗೋಪುರವೆಲ್ಲ ಸುಕ್ಕು.

ಈಗ ಕರ್ಚೀಫಿನ ವಿಷಯ. ಇಳಕಲ್ ಸೀರೆ ಇರಲಿ, ಕೈಮಗ್ಗದ ಯಾವ ಗಾಢ ಬಣ್ಣದ ಅರಿವಿಯೇ ಇರಲಿ, ಕರ್ಚೀಫನ್ನು ಒದ್ದೆ ಮಾಡಿ ಕೆಂಪು ಜಾಗದ ಮೇಲೆ ಗಟ್ಟಿಯಾಗಿ ತಿಕ್ಕಿ ನೋಡಿ. ಬಣ್ಣ ಹತ್ತಿದರೆ ಆ ಅರಿವಿಯನ್ನು ಬಿಳಿ ಖಾದಿಯ ಜೊತೆ ಜೋಡಿಸಬೇಡಿ. ಪ್ರತ್ಯೇಕ ತೊಳೆಯುವಂಥದ್ದಕ್ಕೆ ಬಳಸಿ.

ಪರದೆಗೆ ಗಜೇಂದ್ರಗಡದ ಕಡೆಯ ಪಟ್ಟೇದ ಅಂಚಿನ ಸೀರೆ ಹಾಕಿದ್ದೇವೆ. ದಪ್ಪ ಹತ್ತಿ, ಚೌಕಡಿ ಮೈ, ಅಗಲ ಅಂಚು, ಒಳಗೂ ಹೊರಗೂ ಒಂದೇ ತರಹ. ಬೀದಿಯಿಂದ ನೋಡಿದವರಿಗೂ ಪರದೆಯ ಉಲ್ಟಾ ಬದಿ ಕಾಣುವುದಿಲ್ಲ. ಐದೂವರೆ ಮೀಟರಿನ ಸೀರೆಯಲ್ಲಿ ಏಳು ಅಡಿಯ ಎರಡು ಪರದೆ ಆಗುತ್ತವೆ, ಮಡಿಕೆಗೂ ಅರಿವಿ ಉಳಿಯುತ್ತದೆ. ಕೊಳ್ಳುವಾಗ ಉದ್ದ ಅಳೆಸಿ ಕೊಳ್ಳಿ.

ನವಲಗುಂದದ ಜಮಖಾನಕ್ಕೆ ಮಾತ್ರ ಕಾಯಬೇಕಾಯಿತು. ಅದನ್ನು ನೇಯುವವರು ಹೆಂಗಸರು, ಮನೆಯೊಳಗೆ ನೆಟ್ಟಗೆ ನಿಲ್ಲಿಸಿದ ಮಗ್ಗದ ಮೇಲೆ ನೇಯುತ್ತಾರೆ. ಈಗ ಮಗ್ಗ ಕಮ್ಮಿ, ನೇಯುವ ಕೈಯೂ ಕಮ್ಮಿ. ದೊಡ್ಡ ಜಮಖಾನ ಬೇಕು ಅಂತ ಹಟ ಮಾಡದೆ, ಪಗಡೆ ಚಿತ್ರದ ಸಣ್ಣದೊಂದನ್ನು ಹೇಳಿ ಮಾಡಿಸಿದೆ. ನೆಲಕ್ಕೆ ಹಾಸುವ ಮನಸ್ಸಾಗಲಿಲ್ಲ, ಮಂಚದ ಕಾಲ ಕಡೆ ಮಡಚಿ ಹಾಕಿದ್ದೇನೆ.

ಚಪ್ಪಲಿ ವಿಷಯ ಸಣ್ಣದು, ಆದರೂ ಹೇಳುತ್ತೇನೆ. ಕೊಲ್ಹಾಪುರಿ ಚಪ್ಪಲಿ ಅಂದರೆ ಎಲ್ಲರೂ ಮಹಾರಾಷ್ಟ್ರದ್ದು ಅಂದುಕೊಳ್ಳುತ್ತಾರೆ. 2019ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ಅಲ್ಲಿನ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ನಾಲ್ಕು ಜಿಲ್ಲೆಗಳೂ ಸೇರಿದವು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಟ್ಟೆಯನ್ನು ಮೊಳೆಯಿಂದ ಹೊಡೆದಿದ್ದಾರೋ ಚರ್ಮದ ದಾರದಿಂದ ಹೊಲಿದಿದ್ದಾರೋ ನೋಡಿ. ಹೊಲಿದಿದ್ದೇ ಬೇಕು. ಧಾರವಾಡದ ಮಳೆಗಾಲಕ್ಕೆ ಇದು ಆಗುವುದಿಲ್ಲ, ಜೂನಿನಲ್ಲಿ ಎಣ್ಣೆ ಒರೆಸಿ, ಕಾಗದ ತುಂಬಿ, ಕಟ್ಟಿಡುತ್ತೇನೆ.

ಕಪಾಟಿನಲ್ಲಿ ಡಾಂಬರ ಗುಳಿಗೆ ಬದಲು ಹಾವೇರಿಯ ಏಲಕ್ಕಿ ಹಾರ ತೂಗಿಸಿದ್ದೇನೆ. ಯಾವುದೋ ಸಮಾರಂಭದಲ್ಲಿ ಮಾವನವರಿಗೆ ಹಾಕಿದ್ದು. ಹುಳ ಬರದಂತೆ ತಡೆಯುತ್ತದೋ ಇಲ್ಲವೋ, ಸೀರೆ ತೆಗೆದಾಗ ವಾಸನೆ ಮಾತ್ರ ಮಸ್ತ್.

ಒಂದು ಮಾತು ದುಡ್ಡಿನದು. ಕಸೂತಿಗೆ ಮುಂಗಡ ಕೊಟ್ಟು ಬನ್ನಿ, ದಾರಕ್ಕೆ ಅವರು ತಮ್ಮ ಕೈಯಿಂದ ದುಡ್ಡು ಹಾಕುವುದು ಸರಿಯಲ್ಲ. ಅಲ್ಲಿ ಚೌಕಾಸಿ ಬೇಡ. ಖಣದ ಅಂಗಡಿಯಲ್ಲಿ ಬೇಕಾದಷ್ಟು ಮಾಡಿ, ಅವರೂ ಅದಕ್ಕೆ ತಯಾರಾಗೇ ರೇಟು ಹೇಳಿರುತ್ತಾರೆ. ಹೊಲಿಯಲು ಶ್ರಾವಣದಿಂದ ದೀಪಾವಳಿ ತನಕ ಏನೂ ಕೊಡಬೇಡಿ, ‘ನಾಳೆ ಬರ್ರಿ’ ಅನ್ನುತ್ತಲೇ ಇರುತ್ತಾರೆ. ಬ್ಯಾಗು ರಿಪೇರಿಯವರ ಬಳಿ ಮೇ ಕೊನೆ, ಜೂನಿನಲ್ಲೂ ಹೋಗಬೇಡಿ, ಶಾಲೆ ಶುರುವಾಗಿ ಜಿಪ್ಪು ಕಿತ್ತ ಚೀಲಗಳ ರಾಶಿ ಬಿದ್ದಿರುತ್ತದೆ. ಸಂಕ್ರಾಂತಿ ಮುಗಿದು ಮದುವೆ ಸೀಜನ್ ಜೋರಾಗುವುದರೊಳಗೆ ಕೊಟ್ಟರೆ ಹೇಳಿದ ದಿನಕ್ಕೆ ಕೈಗೆ ಸಿಗುತ್ತದೆ.