ಟಿವಿ ಪರದೆ ಒರೆಸುವ ಮೊದಲು ಸ್ಪ್ರೇ ಬಾಟಲಿ ಪಕ್ಕಕ್ಕಿಡಿ

ಟಿವಿ ಮೇಲೆ ಬೆರಳಿನ ಗುರುತು ಕಂಡ ಕೂಡಲೇ ಬಹಳ ಜನ ಮಾಡುವುದು ಒಂದೇ ಕೆಲಸ. ಕಿಟಕಿ ಗಾಜು ಒರೆಸುವ ಕ್ಲೀನರ್ ತಂದು ಪರದೆಗೆ ನೇರವಾಗಿ ಪುಸ್ ಪುಸ್ ಅಂತ ಹೊಡೆದು, ಕೈಗೆ ಸಿಕ್ಕ ಬಟ್ಟೆಯಲ್ಲಿ ಗಸಗಸ ಉಜ್ಜುತ್ತಾರೆ. ಹೀಗೆ ಹಾಳಾದ ಟಿವಿಗಳನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಕೆಲವದರಲ್ಲಿ ಮಬ್ಬು ಮಬ್ಬಾದ ಕಲೆ, ಇನ್ನು ಕೆಲವದರಲ್ಲಿ ಮೇಲಿಂದ ಕೆಳಗಿನವರೆಗೆ ಬಣ್ಣದ ಗೆರೆ. ಗೆರೆ ಬಂತೆಂದರೆ ಹೆಚ್ಚಿನ ಸಲ ಪ್ಯಾನೆಲ್ ಅನ್ನೇ, ಅಂದರೆ ಇಡೀ ಪರದೆಯನ್ನೇ ಬದಲಿಸಬೇಕು, ಅದರ ಖರ್ಚು ಹೊಸ ಟಿವಿಯ ಹತ್ತಿರಕ್ಕೇ ಹೋಗುತ್ತದೆ. ಒಳಗೆ ನೀರು ಇಳಿದಿದ್ದರೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ.

ಹಳೆಯ ಡಬ್ಬದಂಥ ಟಿವಿಗೆ ಮುಂದೆ ದಪ್ಪ ಗಾಜು ಇರುತ್ತಿತ್ತು, ಏನು ಹಾಕಿ ಒರೆಸಿದರೂ ತಡೆಯುತ್ತಿತ್ತು. ಆ ಅಭ್ಯಾಸ ಇನ್ನೂ ನಮ್ಮ ಕೈಬಿಟ್ಟಿಲ್ಲ. ಈಗಿನ ಎಲ್‌ಇಡಿ ಟಿವಿಗಳಲ್ಲಿ ನಿಮ್ಮ ಕೈಗೆ ತಾಗುವುದು ಹೆಚ್ಚಾಗಿ ಗಾಜಲ್ಲ, ಪೋಲರೈಸರ್ ಅನ್ನುವ ಪ್ಲಾಸ್ಟಿಕ್ ಹಾಳೆ. ಎದುರಿನ ಬೆಳಕು ಕಣ್ಣಿಗೆ ಹೊಡೆಯದಿರಲಿ ಅಂತ ಅದರ ಮೇಲೆ ತೆಳುವಾದ ಲೇಪವೂ ಇರುತ್ತದೆ. ಅಮೋನಿಯಾ, ಆಲ್ಕೋಹಾಲ್, ಅಸಿಟೋನ್ ಈ ಲೇಪವನ್ನು ತಿಂದುಹಾಕಬಲ್ಲವು. ಗಾಜಿನ ಕ್ಲೀನರ್‌ಗಳಲ್ಲಿ ಇವುಗಳಲ್ಲಿ ಒಂದಾದರೂ ಇರುವುದೇ ಜಾಸ್ತಿ. ಒಮ್ಮೆ ಹೋದ ಲೇಪವನ್ನು ಮನೆಯಲ್ಲಿ ಮತ್ತೆ ತರಿಸಲಾಗುವುದಿಲ್ಲ.

ಮೊದಲು ಆಫ್, ಆಮೇಲೆ ಪ್ಲಗ್

ಟಿವಿ ಆಫ್ ಮಾಡಿ, ಪ್ಲಗ್ ತೆಗೆಯಿರಿ, ಬಿಸಿ ಆರಲು ಅರ್ಧ ಗಂಟೆ ಬಿಡಿ. ಬಿಸಿ ಪರದೆಯಲ್ಲಿ ತೇವ ಒರೆಸುವ ಮೊದಲೇ ಆರಿಹೋಗಿ ಪಟ್ಟೆ ಪಟ್ಟೆಯಾಗಿ ಉಳಿಯುತ್ತದೆ. ನಿಮ್ಮದು ಒಎಲ್‌ಇಡಿ ಟಿವಿ ಆಗಿದ್ದರೆ ರಿಮೋಟ್‌ನಲ್ಲಿ ಆಫ್ ಮಾಡಿದ ತಕ್ಷಣ ಪ್ಲಗ್ ಕೀಳಬೇಡಿ. ಆಫ್ ಆದ ಮೇಲೆ ಅದು ಪಿಕ್ಸೆಲ್‌ಗಳನ್ನು, ಅಂದರೆ ಚಿತ್ರ ಮೂಡಿಸುವ ಸಣ್ಣ ಚುಕ್ಕೆಗಳನ್ನು, ಸರಿಮಾಡಿಕೊಳ್ಳುವ ಕೆಲಸ ನಡೆಸುವುದುಂಟು, ಅದು ಮುಗಿಯಲಿ.

ಬಟ್ಟೆ

ಎರಡು ಮೈಕ್ರೋಫೈಬರ್ ಬಟ್ಟೆ ಬೇಕು, ಒಂದು ಒಣಗಿದ್ದು, ಒಂದು ಒದ್ದೆ ಮಾಡಲು. ಇದರ ಎಳೆಗಳು ಬಹಳ ಸಣ್ಣ, ಸೀಳಿದಂತಿರುತ್ತವೆ, ಧೂಳು ಆ ಸೀಳುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಟಿಶ್ಯೂ ಪೇಪರ್ ಮತ್ತು ನ್ಯೂಸ್‌ಪೇಪರ್ ಬೇಡವೇ ಬೇಡ, ಅವು ಮರದ ತಿರುಳಿನಿಂದ ಆದವು, ಪ್ಲಾಸ್ಟಿಕ್ ಮೇಲೆ ಗೀರು ಬೀಳಿಸುತ್ತವೆ. ಹಳೇ ಟೀ ಶರ್ಟ್ ಮೆತ್ತಗಿದೆ ಅಂತ ಅನಿಸಬಹುದು, ಆದರೆ ಅದರ ಹೊಲಿಗೆ ಮೆತ್ತಗಿರುವುದಿಲ್ಲ. ಅಡುಗೆಮನೆಯ ಕಟ್ಟೆ ಒರೆಸಿದ ಮೈಕ್ರೋಫೈಬರ್ ಬಟ್ಟೆಯನ್ನು ಇಲ್ಲಿಗೆ ತರಬೇಡಿ, ಅದರಲ್ಲಿ ಎಣ್ಣೆಯೂ ಕಸದ ಚೂರೂ ಕೂತಿರುತ್ತದೆ. ಟಿವಿಗೆಂದೇ ಬೇರೆ ಬಟ್ಟೆ ಇಡಿ. ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ, ಅದು ಎಳೆಗಳಿಗೆ ಮೆತ್ತಿಕೊಂಡು ಆಮೇಲೆ ಪರದೆಗೂ ಬಳಿದುಕೊಳ್ಳುತ್ತದೆ.

ಒಣ ಬಟ್ಟೆಯಲ್ಲಿ ಧೂಳು ತೆಗೆಯಿರಿ

ಮೇಲಿನಿಂದ ಶುರು ಮಾಡಿ ಹಗುರವಾಗಿ ಒರೆಸುತ್ತಾ ಬನ್ನಿ. ಈ ಹಂತ ಬಿಟ್ಟು ನೇರವಾಗಿ ಒದ್ದೆ ಬಟ್ಟೆ ಹಾಕಿದರೆ ಧೂಳಿನ ಕಣಗಳನ್ನೇ ಪರದೆಗೆ ಉಜ್ಜಿದಂತಾಗುತ್ತದೆ. ಬರೀ ಧೂಳಿದ್ದರೆ ಕೆಲಸ ಇಲ್ಲಿಗೇ ಮುಗಿಯಿತು. ಸುಮ್ನೆ ನೀರು ಮುಟ್ಟಿಸಬೇಡಿ.

ಒದ್ದೆ ಬಟ್ಟೆ: ಎಲ್ಲರೂ ತಪ್ಪುವುದು ಇಲ್ಲೇ

ಕಲೆ ಇದ್ದರೆ ಮಾತ್ರ ಇಲ್ಲಿಗೆ ಬನ್ನಿ. ನೀರು ಡಿಸ್ಟಿಲ್ಡ್ ಆಗಿರಲಿ, ಬ್ಯಾಟರಿಗೆ ಹಾಕುತ್ತಾರಲ್ಲ, ಅದೇ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಆರಿದ ಮೇಲೆ ಬಿಳಿ ಚುಕ್ಕೆಯಾಗಿ ಉಳಿಯುತ್ತವೆ, ಕಪ್ಪು ಪರದೆಯಲ್ಲಿ ಅದು ಬೆರಳಿನ ಗುರುತಿಗಿಂತ ಕೆಟ್ಟದಾಗಿ ಕಾಣುತ್ತದೆ.

ನೀರು ಬಟ್ಟೆಗೆ ಬೀಳಬೇಕು, ಪರದೆಗಲ್ಲ. ಬಾಟಲಿಯಲ್ಲಿ ಇರುವುದು ಬರೀ ನೀರಾದರೂ ಪರದೆಗೆ ಹೊಡೆಯಬೇಡಿ. ಯಾಕೆಂದರೆ ಹೊಡೆದ ನೀರು ಹನಿಯಾಗಿ ಇಳಿದು ಕೆಳಗಿನ ಅಂಚಿಗೆ ಬರುತ್ತದೆ, ಅಂಚಿನ ಪಟ್ಟಿಗೂ ಪರದೆಗೂ ಮಧ್ಯೆ ಇರುವ ಕೂದಲೆಳೆಯಷ್ಟು ಸಂದಿಯೊಳಗೆ ತಾನಾಗೇ ಎಳೆದುಕೊಳ್ಳುತ್ತದೆ, ಮತ್ತು ಬಹಳಷ್ಟು ಟಿವಿಗಳಲ್ಲಿ ಪಿಕ್ಸೆಲ್‌ಗಳನ್ನು ನಡೆಸುವ ಚಿಪ್‌ಗಳು ತೆಳುವಾದ ರಿಬ್ಬನ್‌ಗಳ ಮೇಲೆ ಅಂಟಿಕೊಂಡಿರುವುದು ಆ ಅಂಚಿನಲ್ಲೇ. ಅಲ್ಲಿ ನೀರು ಸೇರಿದಾಗ ಟಿವಿ ಹಾಕಿದರೆ ಶಾರ್ಟ್ ಆಗುತ್ತದೆ. ಆ ಬಣ್ಣದ ಗೆರೆ ಬರುವುದು ಹೀಗೆ.

ಬಟ್ಟೆ ಎಷ್ಟು ಒದ್ದೆ ಇರಬೇಕು? ನೀವು ಅಂದುಕೊಂಡಿದ್ದಕ್ಕಿಂತ ಕಡಿಮೆ. ಅದ್ದಿ, ಗಟ್ಟಿಯಾಗಿ ಹಿಂಡಿ, ಬಿಡಿಸಿ, ಮತ್ತೊಮ್ಮೆ ಹಿಂಡಿ. ಮುಂಗೈ ಹಿಂಭಾಗಕ್ಕೆ ಒತ್ತಿ ನೋಡಿ. ತಣ್ಣಗೆ ಅನಿಸಬೇಕು, ಚರ್ಮದ ಮೇಲೆ ನೀರಿನ ಹೊಳಪು ಉಳಿಯಬಾರದು. ಉಳಿದರೆ ಇನ್ನೂ ಹಿಂಡಿ.

ಈಗ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ. ಒಂದು ಮುಖ ಕೊಳೆಯಾದರೆ ಇನ್ನೊಂದು ಮುಖಕ್ಕೆ ತಿರುಗಿಸಬಹುದು. ಪರದೆಯನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿಕೊಂಡು ಒಂದೊಂದೇ ಭಾಗ ಒರೆಸಿ, ಎಡದಿಂದ ಬಲಕ್ಕೆ ನೇರವಾಗಿ. ಗುಂಡಗೆ ತಿರುಗಿಸಿ ಒರೆಸುವವರಿದ್ದಾರೆ, ನನಗದು ಸರಿಬರುವುದಿಲ್ಲ, ಎಲ್ಲಿ ಒರೆಸಿದೆ ಎಲ್ಲಿ ಬಿಟ್ಟೆ ಅನ್ನುವುದೇ ತಿಳಿಯುವುದಿಲ್ಲ. ಒಂದು ಭಾಗ ಮುಗಿದ ಕೂಡಲೇ ಒಣ ಬಟ್ಟೆ ಆಡಿಸಿ, ಆಮೇಲೆ ಮುಂದಿನದು. ಟಿವಿ ಸ್ಟ್ಯಾಂಡ್ ಮೇಲಿದ್ದರೆ ಇನ್ನೊಂದು ಕೈಯಲ್ಲಿ ಹಿಂದಿನಿಂದ ಹಿಡಿದುಕೊಳ್ಳಿ.

ಕೈ ಮಗುವಿನ ಕೆನ್ನೆ ಒರೆಸುವಷ್ಟು ಹಗುರವಾಗಿರಲಿ. ಎಲ್‌ಇಡಿ ಟಿವಿಯ ಪರದೆಯೂ ಎಲ್‌ಸಿಡಿಯೇ, ಅದರೊಳಗೆ ಎರಡು ತೆಳು ಗಾಜಿನ ಮಧ್ಯೆ ಲಿಕ್ವಿಡ್ ಕ್ರಿಸ್ಟಲ್ ಇರುತ್ತದೆ, ಜೋರಾಗಿ ಒತ್ತಿದರೆ ಪಿಕ್ಸೆಲ್‌ಗಳು ಕೆಡಬಹುದು. ಎಣ್ಣೆ ಬೆರಳಿನ ಗುರುತು ಒಂದೇ ಸಲಕ್ಕೆ ಹೋಗುವುದಿಲ್ಲ, ಆಗ ಎಲ್ಲರೂ ಒತ್ತಲು ಶುರು ಮಾಡುತ್ತಾರೆ. ಒತ್ತಬೇಡಿ. ಒದ್ದೆ ಬಟ್ಟೆಯನ್ನು ಆ ಜಾಗಕ್ಕೆ ಕೆಲವು ಸೆಕೆಂಡ್ ತಾಗಿಸಿಟ್ಟು ಆಮೇಲೆ ಒರೆಸಿ. ಹೋಗಲಿಲ್ಲವೇ, ಮತ್ತೆ ಅದನ್ನೇ ಮಾಡಿ. ಆಗಲೂ ಜಿಡ್ಡು ಉಳಿದರೆ ಒಂದು ಮಗ್ ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದೆರಡು ಹನಿ, ಅಷ್ಟೇ. ಸೋಪು ಬಳಸಿದ ಮೇಲೆ ಬರೀ ನೀರಿನ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಲೇಬೇಕು, ಇಲ್ಲದಿದ್ದರೆ ಅದೇ ಮಬ್ಬಾಗಿ ಕೂರುತ್ತದೆ.

ಕೆಳಗಿನ ಅಂಚಿಗೆ ಎರಡು ಬೆರಳು ಮೇಲೆಯೇ ಒದ್ದೆ ಬಟ್ಟೆ ನಿಲ್ಲಿಸಿ. ಉಳಿದ ಪಟ್ಟಿಯನ್ನು ಹೆಚ್ಚು ಕಡಿಮೆ ಒಣಗಿದ ಬಟ್ಟೆಯಲ್ಲಿ ಅಡ್ಡಡ್ಡ ಒರೆಸಿ, ಅಂಚಿನ ಕಡೆಗೆ ತಳ್ಳಬೇಡಿ. ಮೂಲೆಯ ಧೂಳಿಗೆ ಮೆತ್ತನೆ ಬ್ರಷ್ ಸಾಕು.

ಅಂಗಡಿ ಸಾಮಾನು

ಬೇಬಿ ವೈಪ್ಸ್ ಬೇಡ, ಲೋಷನ್ ಅಂಶ ಪರದೆಗೆ ಹತ್ತುತ್ತದೆ. ಕನ್ನಡಕ ಒರೆಸುವ ವೈಪ್ಸ್‌ನಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಇರುತ್ತದೆ, ಅದೂ ಬೇಡ. ಗೀರಿಗೆ ಟೂತ್‌ಪೇಸ್ಟ್ ಹಚ್ಚಿ ಅನ್ನುವ ಸಲಹೆ ಓಡಾಡುತ್ತಿರುತ್ತದೆ. ಟೂತ್‌ಪೇಸ್ಟ್‌ನಲ್ಲಿ ಉಜ್ಜುವ ಪುಡಿ ಇದೆ, ಇದ್ದ ಲೇಪವೂ ಹೋಗುತ್ತದೆ. ಸ್ಕ್ರೀನ್ ಕ್ಲೀನರ್ ಕಿಟ್ ಕೊಳ್ಳಲೇಬೇಕು ಅಂತಿದ್ದರೆ ಒಳಗೆ ಏನಿದೆ ಅಂತ ಬರೆದಿರುವುದನ್ನೇ ಕೊಳ್ಳಿ, ಬರೆಯದಿದ್ದರೆ ಬಿಡಿ. ನನ್ನ ಪ್ರಕಾರ ಆ ದುಡ್ಡಿಗೆ ಇನ್ನೆರಡು ಒಳ್ಳೆಯ ಬಟ್ಟೆ ತರುವುದು ಮೇಲು.

ಹಿಂದುಗಡೆಯ ಗಾಳಿ ರಂಧ್ರಗಳಿಗೆ ಒಣ ಬ್ರಷ್ ಆಡಿಸಿ. ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತದೆ. ರಿಮೋಟ್ ಒರೆಸುವ ಮುನ್ನ ಸೆಲ್ ತೆಗೆಯಿರಿ. ಎಲ್ಲಾ ಪೂರ್ತಿ ಆರಿದ ಮೇಲೆಯೇ ಪ್ಲಗ್ ಹಾಕಿ.

ಈಗಾಗಲೇ ಯಾರೋ ಸ್ಪ್ರೇ ಹೊಡೆದು ನೀರು ಕೆಳಗೆ ಇಳಿದಿದೆಯೇ? ನಿಮ್ಮ ಕೈ ಒಣಗಿರಲಿ, ಮೊದಲು ಪ್ಲಗ್ ತೆಗೆಯಿರಿ. ಟಿವಿಯನ್ನು ಮಲಗಿಸಬೇಡಿ, ನೀರು ಇನ್ನಷ್ಟು ಒಳಗೆ ಹರಡುತ್ತದೆ. ನೆಟ್ಟಗೆ ನಿಲ್ಲಿಸಿಯೇ ಕೆಳಗಿನ ಅಂಚಿಗೆ ಒಣ ಬಟ್ಟೆ ಹಿಡಿದು ಹೀರಿಸಿ. ಹೇರ್ ಡ್ರೈಯರ್ ಹಿಡಿಯಬೇಡಿ, ಆ ಬಿಸಿಗೆ ಪರದೆಯ ಹಾಳೆ ಕೆಡಬಹುದು. ಫ್ಯಾನ್ ಗಾಳಿಯಲ್ಲಿ ಕಡಿಮೆ ಅಂದರೂ ಒಂದು ಇಡೀ ದಿನ ಬಿಡಿ, ಎರಡು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಮಧ್ಯದಲ್ಲಿ ಸರಿಯಾಯಿತಾ ಅಂತ ಒಮ್ಮೆ ಹಾಕಿ ನೋಡುವ ಆಸೆ ಆಗುತ್ತದೆ. ದಯವಿಟ್ಟು ಹಾಕಬೇಡಿ.