ಮಕ್ಕಳ ಬಂಕ್ ಬೆಡ್: ಕೊಳ್ಳೋಣವೋ, ನಾವೇ ಮಾಡೋಣವೋ?

ಬಂಕ್ ಬೆಡ್, ಅಂದರೆ ಒಂದರ ಮೇಲೊಂದು ಇರುವ ಜೋಡಿ ಮಂಚ, ಬೇಕು ಅಂದ ಕೂಡಲೇ ಎಲ್ಲರೂ ದುಡ್ಡಿನ ಲೆಕ್ಕಕ್ಕೆ ಕೂರುತ್ತಾರೆ. ಮರಕ್ಕೆ ಇಷ್ಟು, ಪಾಲಿಶ್‌ಗೆ ಇಷ್ಟು, ಅಂಗಡಿಯದಾದರೆ ಅಷ್ಟು. ನಾನು ನೋಡಿದ ಮಟ್ಟಿಗೆ ಈ ಲೆಕ್ಕದಿಂದ ಶುರು ಮಾಡಿದವರೇ ಜಾಸ್ತಿ ಎಡವಿದ್ದಾರೆ. ಮಂಚದ ಪಕ್ಕದ ಉದ್ದ ಹಲಗೆ ಕಾಲಿಗೆ ಸೇರುವ ಜಾಗ ಇದೆಯಲ್ಲ, ತೀರ್ಮಾನ ಆಗಬೇಕಾದದ್ದು ಅಲ್ಲಿ. ಆ ಜಾಯಿಂಟನ್ನು ಗಟ್ಟಿಯಾಗಿ ಮಾಡಲು ನಿಮ್ಮಿಂದ ಆಗುತ್ತದಾ? ಹಾಗಾದರೆ ನೀವೇ ಮಾಡಿ. ಆಗದಿದ್ದರೆ ಕೊಳ್ಳಿ. ಕೊಳ್ಳುವಾಗಲೂ ಮೊದಲು ಬಗ್ಗಿ ನೋಡಬೇಕಾದದ್ದು ಅದೇ ಜಾಗವನ್ನು.

1. ಮಗುವಿನ ವಯಸ್ಸು

6 ವರ್ಷ ತುಂಬದ ಮಗುವನ್ನು ಮೇಲಿನ ಮಂಚದಲ್ಲಿ ಮಲಗಿಸಬಾರದು. ಅಮೆರಿಕದ ನಿಯಮವೂ ಯುರೋಪಿನ ನಿಯಮವೂ ಇದನ್ನೇ ಹೇಳುತ್ತವೆ. ಮನೆಯಲ್ಲಿ ಆರು ದಾಟಿದ ಮಗು ಇಲ್ಲದಿದ್ದರೆ ಕೊಳ್ಳುವ ಮಾತೂ ಬೇಡ, ಮಾಡುವ ಮಾತೂ ಬೇಡ. ಸದ್ಯಕ್ಕೆ ಎರಡು ತಗ್ಗಿನ ಮಂಚ ಸಾಕು. ‘ನಮ್ಮ ಮಗು ತುಂಬಾ ಚುರುಕು’ ಅನ್ನುವವರಿದ್ದಾರೆ. ನಿದ್ದೆಗಣ್ಣಿನಲ್ಲಿ ಏಣಿ ಇಳಿಯುವಾಗ ಆ ಚುರುಕು ಇರುವುದಿಲ್ಲ.

2. ಕೋಣೆಯ ಅಳತೆ

ಮಗುವನ್ನು ನೆಲದ ಮೇಲೆ ನೆಟ್ಟಗೆ ಕೂರಿಸಿ, ತಲೆಯವರೆಗೆ ಅಳೆಯಿರಿ. ಅದಕ್ಕೆ ಒಂದು ಗೇಣು ಸೇರಿಸಿ. ಮೇಲಿನ ಹಾಸಿಗೆಗೂ ಚಾವಣಿಗೂ ನಡುವೆ ಕಡಿಮೆ ಎಂದರೂ ಅಷ್ಟು ಜಾಗ ಬೇಕು. ಮಗು ಬೆಳೆಯುತ್ತದೆ, ಹಾಗಾಗಿ 90 ಸೆಂ.ಮೀ. ಸಿಕ್ಕರೆ ಒಳ್ಳೆಯದು. ಮೇಲೆ ನಿಂತು ಕೈ ಚಾಚಿದರೆ ಫ್ಯಾನ್ ಸಿಗುವಂತಿದ್ದರೆ ಮಂಚದ ಜಾಗ ಬದಲಿಸಿ, ಇಲ್ಲವೇ ಫ್ಯಾನ್ ತೆಗೆಸಿ.

3. ಹಾಸಿಗೆ ಮೊದಲು, ಮಂಚ ಆಮೇಲೆ

ಇದನ್ನು ಬಹಳ ಜನ ಉಲ್ಟಾ ಮಾಡುತ್ತಾರೆ. ನನಗೆ ಪರಿಚಯದವರೊಬ್ಬರು ಒಳ್ಳೆಯ ಮಂಚವನ್ನೇ ತಂದಿದ್ದರು. ಆಮೇಲೆ ಮಗುವಿಗೆ ಮೆತ್ತಗಿರಲಿ ಅಂತ 8 ಇಂಚಿನ ಹಾಸಿಗೆ ಹಾಕಿದರು. ನಾನು ಏಣಿ ಹತ್ತಿ ನೋಡಿದೆ. ಹಾಸಿಗೆಯ ಮೇಲೆ ರೇಲಿಂಗ್ ಉಳಿದದ್ದು ಎರಡೇ ಬೆರಳು. ಮಗ್ಗುಲು ಬದಲಿಸಿದರೆ ಮಗು ನೇರ ಕೆಳಕ್ಕೆ.

ರೇಲಿಂಗಿನ ಎತ್ತರವನ್ನು ಹಲಗೆಯಿಂದ ಅಳೆಯಬಾರದು, ಹಾಸಿಗೆಯ ಮೇಲ್ಮೈಯಿಂದ ಅಳೆಯಬೇಕು. ಅಮೆರಿಕದ ನಿಯಮದಲ್ಲಿ ಅದು ಕನಿಷ್ಠ 5 ಇಂಚು, ಅಂದರೆ ಸುಮಾರು 13 ಸೆಂ.ಮೀ. ಯುರೋಪಿನಲ್ಲಿ 16 ಸೆಂ.ಮೀ. ನನ್ನ ಮಾತು ಕೇಳಿದರೆ 20 ಇಟ್ಟುಕೊಳ್ಳಿ. ಮೇಲಿನ ಮಂಚಕ್ಕೆ 4–5 ಇಂಚಿನ ಗಟ್ಟಿ ಹಾಸಿಗೆ ಸಾಕು. ಮೆತ್ತನೆಯದು ಬೇಕೇ ಬೇಕು ಅನ್ನುವ ಮಗು ಕೆಳಗೆ ಮಲಗಲಿ.

ಗೋಡೆಯ ಕಡೆಗೂ ರೇಲಿಂಗ್ ಬೇಕು. ‘ಗೋಡೆ ಇದೆಯಲ್ಲ’ ಅಂತ ಅದನ್ನು ಬಿಡುವವರನ್ನು ಕಂಡಿದ್ದೇನೆ. ಮಂಚ ದಿನಕ್ಕೆ ಒಂದಿಷ್ಟು ಸರಿಯುತ್ತದೆ, ಸಂದು ಬೀಳುತ್ತದೆ, ಮಗು ಆ ಸಂದಿಗೆ ಜಾರುತ್ತದೆ. ಪಟ್ಟಿಗಳ ನಡುವಿನ ಸಂದೂ ಅಷ್ಟೇ ಮುಖ್ಯ. ಸಂದು ದೊಡ್ಡದಾದರೆ ಕಾಲು, ಸೊಂಟ, ಎದೆ ಎಲ್ಲ ತೂರಿಬಿಡುತ್ತವೆ, ತಲೆ ಮಾತ್ರ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಅಮೆರಿಕದಲ್ಲಿ ಮಿತಿ ಮೂರೂವರೆ ಇಂಚು, ಯುರೋಪಿನಲ್ಲಿ 7.5 ಸೆಂ.ಮೀ. 7 ಸೆಂ.ಮೀ. ಅಗಲದ ಒಂದು ಮರದ ತುಂಡು ಕತ್ತರಿಸಿಕೊಂಡು ಅಂಗಡಿಗೇ ಒಯ್ಯಿರಿ. ಪ್ರತಿ ಸಂದಿಗೂ ಹಿಡಿದು ನೋಡಿ. ತುಂಡಿನ ಪಕ್ಕದಲ್ಲಿ ಕಿರುಬೆರಳೂ ತೂರುವಷ್ಟು ಜಾಗ ಉಳಿದರೆ ಆ ಮಂಚ ಬೇಡ.

4. ಜಾಯಿಂಟ್

ಮನೆಯಲ್ಲೇ ಮಾಡಿದ ಬಂಕ್ ಬೆಡ್ಡುಗಳು ಕೆಡುವುದು ಇಲ್ಲಿ. ಸಾಮಾನ್ಯವಾಗಿ ಏನು ಮಾಡುತ್ತಾರೆ ಅಂದರೆ, ಕಾಲಿನ ಹೊರಗಿನಿಂದ ಉದ್ದನೆಯ ಸ್ಕ್ರೂ ಹೊಡೆದು, ಪಕ್ಕದ ಹಲಗೆಯ ತುದಿಗೆ ಬಿಗಿಯುತ್ತಾರೆ. ಮೊದಲ ದಿನ ಬಂಡೆಯ ಹಾಗೆ ನಿಂತಿರುತ್ತದೆ. ಆದರೆ ಮರದ ನಾರು ಹಲಗೆಯ ಉದ್ದಕ್ಕೆ ಓಡುತ್ತದೆ, ಕಡ್ಡಿ ಕಟ್ಟಿದ ಪೊರಕೆಯ ಹಾಗೆ. ತುದಿಯಿಂದ ಹೊಕ್ಕ ಸ್ಕ್ರೂ ಆ ಕಡ್ಡಿಗಳ ನಡುವೆ ತೂರಿಕೊಂಡಿರುತ್ತದೆ, ಅಡ್ಡಲಾಗಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಮಕ್ಕಳು ಹತ್ತಿ ಇಳಿದು ಅಲುಗಾಡಿಸಿದ ಹಾಗೆಲ್ಲ ತೂತು ಅಗಲವಾಗುತ್ತದೆ. ಹಾಗೆ ಮಾಡಿದ ಒಂದು ಮಂಚವನ್ನು ಬಿಚ್ಚುವಾಗ ನಾನು ಜೊತೆಗಿದ್ದೆ. ಸ್ಕ್ರೂಗೆ ಸ್ಕ್ರೂಡ್ರೈವರ್ ಬೇಕಾಗಲಿಲ್ಲ, ಬೆರಳಲ್ಲಿ ತಿರುಗಿಸಿದರೆ ಬಂತು. ಅದರ ಎಳೆಗಳ ನಡುವೆ ಮರದ ಪುಡಿ ತುಂಬಿಕೊಂಡಿತ್ತು.

ಸರಿಯಾದ ದಾರಿ ಹೀಗಿದೆ. ಕಾಲುಗಳಿಗೆ ಕಡಿಮೆ ಎಂದರೂ 7 ಸೆಂ.ಮೀ. ಚೌಕದ ಒಣಗಿದ ಮರ ಬೇಕು. ಪಕ್ಕದ ಹಲಗೆ 3 ಸೆಂ.ಮೀ. ದಪ್ಪ, 14 ಸೆಂ.ಮೀ. ಅಗಲ ಇರಲಿ. ತುದಿಯ ಹತ್ತಿರ ಗಂಟು ಇರುವ ಹಲಗೆ ಬೇಡ.

ಕಾಲಿನಲ್ಲಿ ಹಲಗೆ ಕೂರುವಂತೆ 1 ಸೆಂ.ಮೀ. ಆಳದ ಕಚ್ಚು ಹೊಡೆಯಿರಿ. ಇದನ್ನು ಬಿಡಲೇಬೇಡಿ. ಕಚ್ಚು ಇದ್ದರೆ ಭಾರ ಮರದ ಮೇಲೆ ಕೂರುತ್ತದೆ. ಬೋಲ್ಟಿಗೆ ಉಳಿಯುವುದು ಎರಡನ್ನೂ ಬಿಗಿ ಹಿಡಿಯುವ ಕೆಲಸ ಮಾತ್ರ. ಹಲಗೆ ಆ ಕಚ್ಚಿನಲ್ಲಿ ತಟ್ಟಿ ಕೂರಿಸುವಷ್ಟು ಬಿಗಿಯಾಗಿರಬೇಕು, ಸಡಿಲ ಕೂತರೆ ಕಚ್ಚು ಹೊಡೆದೂ ಪ್ರಯೋಜನವಿಲ್ಲ.

ಆಮೇಲೆ ತೂತು. 8 ಮಿ.ಮೀ. ಬೋಲ್ಟಿಗೆ ಕಾಲಿನಲ್ಲಿ 9 ಮಿ.ಮೀ. ತೂತು ಕೊರೆಯಿರಿ, ಒಂದರ ಮೇಲೊಂದು ಎರಡು. ಈಗ ಹಲಗೆಯನ್ನು ಕಚ್ಚಿನಲ್ಲಿ ಕೂರಿಸಿ ಕ್ಲ್ಯಾಂಪ್ ಹಾಕಿ, ಕಾಲಿನ ತೂತಿನ ಮೂಲಕವೇ ಡ್ರಿಲ್ ಬಿಟ್ಟು ಹಲಗೆಯ ತುದಿಯಲ್ಲಿ ಗುರುತು ಮಾಡಿ, ಆ ಗುರುತಿನಲ್ಲೇ ಹಲಗೆಯನ್ನೂ ಕೊರೆಯಿರಿ. ಎರಡನ್ನೂ ಬೇರೆ ಬೇರೆ ಅಳೆದು ಕೊರೆದರೆ ಒಂದಕ್ಕೊಂದು ಕೂಡುವುದೇ ಇಲ್ಲ. ಹಲಗೆಯ ಒಳಮೈಯಲ್ಲಿ, ತುದಿಯಿಂದ 5 ಸೆಂ.ಮೀ. ಒಳಗೆ, ಪ್ರತಿ ಬೋಲ್ಟಿಗೂ ಅಡ್ಡಲಾಗಿ ಇನ್ನೊಂದು ತೂತು. ಅದರಲ್ಲಿ ಬ್ಯಾರೆಲ್ ನಟ್ ಕೂರುತ್ತದೆ. ಅದು ಉರುಳೆಯಾಕಾರದ ನಟ್, ನಡುವೆ ತೂತು. ಹೊರಗಿನಿಂದ ಬಂದ ಬೋಲ್ಟ್ ಇದಕ್ಕೆ ಸಿಕ್ಕಿ ಬಿಗಿಯಾಗುತ್ತದೆ. ಈಗ ಹಿಡಿತ ಇರುವುದು ನಾರಿಗೆ ಅಡ್ಡಲಾಗಿ, ಎಳೆದರೂ ಕಿತ್ತು ಬರುವುದಿಲ್ಲ. ಬೋಲ್ಟಿನ ತಲೆಯ ಕೆಳಗೆ ಅಗಲ ವಾಷರ್ ಹಾಕಿ, ಇಲ್ಲದಿದ್ದರೆ ತಲೆಯೇ ಮರದೊಳಗೆ ಇಳಿಯುತ್ತದೆ.

ಅಸಲಿ ಮರ ಮುಟ್ಟುವ ಮೊದಲು ಬೇಡದ ಎರಡು ತುಂಡಿನಲ್ಲಿ ಇಂಥದ್ದೊಂದು ಜಾಯಿಂಟ್ ಮಾಡಿ. ಒಂದು ತುಂಡನ್ನು ಗಟ್ಟಿ ಹಿಡಿದು ಇನ್ನೊಂದನ್ನು ತಿರುಚಿ ನೋಡಿ. ಅಲುಗಾಡಿದರೆ ಇನ್ನೊಮ್ಮೆ ಮಾಡಿ. ಮೂರನೇ ಸಲವೂ ತೂತು ಓರೆಯಾದರೆ, ಡ್ರಿಲ್ ಕೆಳಗಿಟ್ಟು ಅಂಗಡಿಗೆ ಹೋಗಿ, ಅಥವಾ ಇದೇ ಜಾಯಿಂಟ್ ಬೇಕು ಅಂತ ಹೇಳಿ ಬಡಗಿಯಿಂದ ಮಾಡಿಸಿ. ಮಗು ಮಲಗುವ ವಸ್ತುವಿನಲ್ಲಿ ಕೈ ಪಳಗಿಸಿಕೊಳ್ಳುವುದು ಬೇಡ.

5. ಅಂಗಡಿಯಲ್ಲಿ

ಮೊದಲು ಮಂಚ ಗೋಡೆಗೋ ಪಕ್ಕದ ಮಂಚಕ್ಕೋ ಕಟ್ಟಿದೆಯಾ ನೋಡಿ. ಕಟ್ಟಿದ್ದರೆ ಬಿಚ್ಚಿಸಿ. ಆಮೇಲೆ ಮೇಲಿನ ಮೂಲೆ ಹಿಡಿದು ಉದ್ದಕ್ಕೆ ದೂಡಿ. ಇಡೀ ಮಂಚ ತೂಗಾಡಿದರೆ ಸುಮ್ನೆ ಮುಂದಿನದಕ್ಕೆ ನಡೆಯಿರಿ. ಬಗ್ಗಿ ಜಾಯಿಂಟ್ ನೋಡಿ: ಬೋಲ್ಟು ಮರದಲ್ಲಿದೆಯೋ, ಪಾರ್ಟಿಕಲ್ ಬೋರ್ಡಿನಲ್ಲಿದೆಯೋ? ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಪುಡಿ ಮತ್ತು ಅಂಟು ಸೇರಿಸಿ ಒತ್ತಿದ ಹಲಗೆ. ಒಮ್ಮೆ ಬಿಚ್ಚಿ ಮತ್ತೆ ಬಿಗಿದರೆ ಸ್ಕ್ರೂವಿನ ಹಿಡಿತ ಹೋಗುತ್ತದೆ. ಕಪಾಟಿನ ಬಾಗಿಲಿಗೆ ಇರಲಿ, ಬಂಕ್ ಬೆಡ್ಡಿಗೆ ನಾನು ಒಪ್ಪುವುದಿಲ್ಲ, ಮೇಲೆ ಎಷ್ಟೇ ಚಂದದ ಬಣ್ಣ ಇದ್ದರೂ. ಕಬ್ಬಿಣದ್ದಾದರೆ ವೆಲ್ಡಿಂಗ್ ಮೇಲೆ ಉಗುರು ಆಡಿಸಿ, ಬಿರುಕಿದ್ದರೆ ಉಗುರಿಗೆ ಸಿಗಬಹುದು. ಹಳೆಯ ಮಂಚ ಕೊಳ್ಳುವವರು ಬೋಲ್ಟು ಎಣಿಸಿ ತನ್ನಿ. ಕಡಿಮೆ ಬಿದ್ದ ಜಾಗಕ್ಕೆ ಮೊಳೆ ಹೊಡೆಯುವ ಕೆಲಸ ಖಂಡಿತ ಬೇಡ.

6. ಉಳಿದದ್ದು

ಹಾಸಿಗೆಯ ಕೆಳಗಿನ ಅಡ್ಡಪಟ್ಟಿಗಳು 2 ಸೆಂ.ಮೀ. ದಪ್ಪ ಇರಲಿ, ಪ್ರತಿಯೊಂದನ್ನೂ ಸ್ಕ್ರೂ ಹಾಕಿ ಕೂರಿಸಿ. ಸುಮ್ನೆ ಇಟ್ಟ ಪಟ್ಟಿ ಸರಿದು, ಮೇಲಿನ ಹಾಸಿಗೆ ಕೆಳಗಿನವರ ಮೇಲೆ ಬೀಳುತ್ತದೆ. ಏಣಿಯ ಮೆಟ್ಟಿಲು ಚಪ್ಪಟೆ ಇರಲಿ, ಗುಂಡು ಸರಳು ಅಂಗಾಲಿಗೆ ನೋವು. ಏಣಿಯನ್ನು ಮಂಚಕ್ಕೇ ಬಿಗಿಯಿರಿ. ಅಂಚುಗಳನ್ನೆಲ್ಲ ಸ್ಯಾಂಡ್ ಪೇಪರಿನಲ್ಲಿ ಗುಂಡಗೆ ಉಜ್ಜಿ. ಬಣ್ಣದ ವಾಸನೆ ಪೂರ್ತಿ ಹೋಗುವವರೆಗೆ ಮಗುವನ್ನು ಮಲಗಿಸಬೇಡಿ.

ಮಂಚ ನಿಂತ ಮೇಲೆ ಮೊದಲು ನೀವೇ ಹತ್ತಿ ಮಲಗಿ ನೋಡಿ. ಜ್ವರ ಬಂದ ರಾತ್ರಿ ಮಗುವಿನ ಪಕ್ಕ ಕೂರಲು ಹತ್ತುವವರು ನೀವೇ ಅಲ್ವಾ? ತಿಂಗಳು ಕಳೆದ ಮೇಲೆ ಎಲ್ಲ ಬೋಲ್ಟುಗಳನ್ನೂ ಇನ್ನೊಮ್ಮೆ ಬಿಗಿಯಿರಿ. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಮರದವರೆಗೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ಮುರಿದಂತೆ ಕಂಡ ದಿನ ಆ ಬೋಲ್ಟ್ ಸಡಿಲಾಗಿದೆ ಎಂದು ಗೊತ್ತಾಗುತ್ತದೆ.